ಅಂಕವಣಿಯಿಲ್ಲದ ಸವಾರಿ

ಚಾಮರಾಜಪೇಟೆಯ ಬೀದಿಗಳಲ್ಲಿ ಈಗ ಕುದುರೆಯ ಗೊರಸಿನ ಸದ್ದು ಕೇಳಿಬರುವುದಿಲ್ಲ. 1892ರಲ್ಲಿ ಕೋಟೆಯ ಪಶ್ಚಿಮಕ್ಕೆ ನೇರವಾದ ಐದು ಮುಖ್ಯರಸ್ತೆಗಳೊಡನೆ ರೂಪುಗೊಂಡ ಈ ಬಡಾವಣೆಯಲ್ಲಿಯೇ ನಾನು ಬಾಲ್ಯವನ್ನು ಕಳೆದೆನು. 1977ರಲ್ಲಿ ನನಗೆ 12 ವರ್ಷ. ಆಗಲೇ ಆಟೋರಿಕ್ಷಾಗಳ ಕಾಲ. ಆದರೂ ಮಾರುಕಟ್ಟೆಯ ದಾರಿಯಲ್ಲಿ ಮರದ ನೆರಳಿಗೆ ನಾಲ್ಕಾರು ಜಟಕಾಗಳು ನಿಂತಿರುತ್ತಿದ್ದುವು. ಅವುಗಳಲ್ಲೊಂದರ ಒಡೆಯರಾದ ವೃದ್ಧ ಸಾಹೇಬರನ್ನು ಬೀದಿಯ ಹುಡುಗರೆಲ್ಲರೂ ಚಾಚಾ ಎಂದು ಕರೆಯುತ್ತಿದ್ದೆವು.

ನಮ್ಮ ತಂದೆಯವರು ಸಂಜೆ ದೀಪ ಹಚ್ಚಿದ ಮೇಲೆ ಅಮರಕೋಶವನ್ನು ಪಾಠ ಹೇಳುತ್ತಿದ್ದರು. ಧೌರಿತಕ, ಪ್ಲುತ ಮೊದಲಾದ ಕುದುರೆಯ ಐದು ಗತಿಗಳ ಹೆಸರು ನನಗೆ ಬಾಯಿಪಾಠವಾಗಿತ್ತು. ಅವು ಹೇಗಿರುವುವೆಂಬುದು ಮಾತ್ರ ತಿಳಿಯದು. ಒಂದು ದಿನ ಚಾಚಾರವರನ್ನು ಕೇಳಿಯೇಬಿಟ್ಟೆನು. ಅವರು ನಕ್ಕು, "ಬೆಳಿಗ್ಗೆ ಕೋಟೆ ಮೈದಾನಕ್ಕೆ ಬಾ, ಅದೇ ಹೇಳ್ತದೆ" ಎಂದರು.

ಜಟಕಾದ ಕುದುರೆಗೆ ಸವಾರಿಯ ಜೀನೆಲ್ಲಿಯದು? ನಾಲ್ಕು ಮಡಿಕೆಯ ಗೋಣಿಯೇ ಪೀಠ. ಕಾಲೂರುವ ರಿಕಾಬಂತೂ ಇಲ್ಲವೇ ಇಲ್ಲ. ರಿಕಾಬು ಪಾರಸಿಯಿಂದ ಬಂದ ಮಾತು. ಇದಕ್ಕೆ ನಮ್ಮ ಹಳೆಯ ಹೆಸರು ಅಂಕವಣಿ. ಅದಿಲ್ಲದೆ ಹತ್ತುವುದು ಹೇಗೆಂದು ನಾನು ಹಿಂಜರಿದಾಗ ಚಾಚಾರವರು, ತಮ್ಮ ತಂದೆ ಕಲಿತದ್ದೂ ಹೀಗೆಯೇ ಎಂದರು. ಆ ಹಿರಿಯರು ಮೈಸೂರು ಲ್ಯಾನ್ಸರ್ಸ್ ಅಶ್ವದಳದಲ್ಲಿದ್ದವರಂತೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಸೇರಿ, ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ದಳವದು. ಅದರ ಸ್ಮಾರಕವು ಬೆಂಗಳೂರಿನ ಜೆ.ಸಿ. ನಗರದ ಕಡೆಯಲ್ಲಿ ಈಗಲೂ ಇದೆ. ರಾವುತರ ದಳಗಳಲ್ಲಿ ಹೊಸಬನಿಗೆ ರಿಕಾಬನ್ನು ತೆಗೆದು ಅಭ್ಯಾಸ ಮಾಡಿಸುವುದು ಬಹುಕಾಲದ ವಾಡಿಕೆ.

ವಿಚಾರಮಾಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಮನುಷ್ಯನು ಕುದುರೆಯನ್ನೇರಿ ಎಷ್ಟೋ ಶತಮಾನಗಳಾದ ಮೇಲೆ ರಿಕಾಬು ಹುಟ್ಟಿತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಶ್ವಾರೋಹಣವನ್ನು ಕುರಿತು ಗ್ರಂಥ ಬರೆದ ಗ್ರೀಸಿನ ಕ್ಸೆನೊಫೋನನು ಅದನ್ನು ಕಂಡವನಲ್ಲ. ನಮ್ಮ ಸಾಂಚಿಯ ಶಿಲ್ಪಗಳಲ್ಲಿ ಪಾದಕ್ಕೆ ಆಸರೆಯಾಗುವ ಹಗ್ಗದ ಕುಣಿಕೆಯಂತಹುದು ಕಾಣುವುದು. ಎರಡು ಕಾಲಿಗೂ ಗಟ್ಟಿಯಾದ ರಿಕಾಬು ಚೀನಾದಲ್ಲಿ ಕ್ರಿಸ್ತಶಕ ನಾಲ್ಕನೆಯ ಶತಮಾನದ ಹೊತ್ತಿಗೆ ಬಳಕೆಗೆ ಬಂದಿತು.

ಚಾಚಾರವರು ನನ್ನನ್ನೆತ್ತಿ ಕೂರಿಸಿದರು. ಮೊದಲು ಕದಂ, ಎಂದರೆ ನಡಿಗೆ. ನಾಲ್ಕು ಕಾಲುಗಳೂ ಒಂದಾದ ಮೇಲೊಂದರಂತೆ ಊರುವುದರಿಂದ ತೊಟ್ಟಿಲಿನ ಹಾಗೆ ಹಿತವಾಗಿತ್ತು. ಬಳಿಕ ದುಲ್ಕಿ. ಎದುರುಬದುರು ಮೂಲೆಯ ಕಾಲುಗಳು ಜೊತೆಜೊತೆಯಾಗಿ ನೆಲ ಮುಟ್ಟುವ ಓಟವಿದು. ಪ್ರತಿ ಹೆಜ್ಜೆಗೂ ಸವಾರನನ್ನು ಮೇಲಕ್ಕೆಸೆಯುವುದು. ನಾನು ಹೆದರಿ ಮೊಣಕಾಲುಗಳಿಂದ ಬಿಗಿಹಿಡಿದೆನು. ಬಿಗಿಹಿಡಿದಷ್ಟೂ ಮೈ ಮೇಲಕ್ಕೆ ಚಿಮ್ಮಿತು. ಕೊನೆಗೆ ಲಗಾಮನ್ನೇ ಆಧಾರವೆಂದು ಎರಡು ಕೈಯಿಂದಲೂ ಜಗ್ಗಿದೆನು. ಕುದುರೆ ಬಾಯಿ ತೆರೆದು ತಲೆಯೊಗೆಯಿತು. ನಾನು ನೆಲದ ಮೇಲಿದ್ದೆನು.

ಚಾಚಾರವರು ಮೊದಲು ನನ್ನ ಬಳಿಗೆ ಬರಲಿಲ್ಲ. ಕುದುರೆಯ ತುಟಿಯನ್ನು ಬಿಡಿಸಿ, ಕಡಿವಾಣವು ತಾಗಿದ ಕಡೆಯನ್ನು ನೋಡಿದರು. ಆಮೇಲೆ ನನ್ನ ಮೊಣಕೈಯ ಮಣ್ಣನ್ನೊರಸಿ ಹೇಳಿದರು: "ಬೇಟಾ, ಬೀಳೋದು ತಪ್ಪಲ್ಲ. ನಿನ್ನ ಭಯಾನ ಅದರ ಬಾಯಿಗೆ ಹಾಕಿದೆಯಲ್ಲ, ಅದು ತಪ್ಪು."

ಮರುದಿನದಿಂದ ಲಗಾಮೂ ಇಲ್ಲ. ಅವರು ಉದ್ದನೆಯ ಹಗ್ಗ ಹಿಡಿದು ಕುದುರೆಯನ್ನು ಸುತ್ತ ಓಡಿಸುವರು. ನಾನು ಕೈಕಟ್ಟಿ ಕುಳಿತಿರಬೇಕು. ತೊಡೆ ಸಡಿಲವಾಗಿ ಇಳಿಬಿದ್ದಿರಲಿ, ಸೊಂಟ ಕುದುರೆಯ ಬೆನ್ನಿನೊಡನೆ ಆಡಲಿ, ದೃಷ್ಟಿ ಅದರ ಕಿವಿಗಳ ನಡುವಿನಿಂದ ಮುಂದಕ್ಕಿರಲಿ, ಉಸಿರು ಬಿಗಿಯದಿರಲಿ: ಇಷ್ಟೇ ಪಾಠ. ಮೂರು ವಾರಗಳಾದ ಮೇಲೆ ಒಂದು ಬೆಳಿಗ್ಗೆ ದುಲ್ಕಿಯ ಓಟದಲ್ಲಿ ನಾನು ಎಸೆಯಲ್ಪಡದೆ ಕುಳಿತಿದ್ದೆನು. ಆಗ ಅವರು ಲಗಾಮನ್ನು ಮರಳಿ ಕೈಗಿತ್ತರು. ಈ ಬಾರಿ ಅದನ್ನು ಹಿಡಿದು ತೂಗಬೇಕೆನಿಸಲಿಲ್ಲ.

ಗುಟ್ಟು ಎಷ್ಟು ದಿನ ನಿಲ್ಲುವುದು? ನನ್ನ ಚಡ್ಡಿಗೆ ಅಂಟಿದ ಕೆಂಪು ಕೂದಲನ್ನು ಕಂಡು ತಾಯಿ ಗಾಬರಿಯಾದರು. ತಂದೆಯವರು ಪುಸ್ತಕ ಮುಚ್ಚಿ, "ಧೌರಿತಕವೆಂದರೆ ಯಾವುದು?" ಎಂದು ಕೇಳಿದರು. ನಾನು ನಡುಗುತ್ತ, ಎರಡೆರಡು ಕಾಲುಗಳ ಆ ಓಟವನ್ನು ನೆಲದ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದೆನು. ಅವರು ಸ್ವಲ್ಪಹೊತ್ತು ಸುಮ್ಮನಿದ್ದು, "ನಾನು ಪಾಠ ಹೇಳಿದೆನೇ ಹೊರತು ಇದನ್ನು ಕಂಡವನಲ್ಲ. ಗುರುಗಳಿಗೆ ಏನು ಕೊಟ್ಟೆ?" ಎಂದರು.

ಏನನ್ನೂ ಕೊಟ್ಟಿರಲಿಲ್ಲ. ಮರುದಿನ ತಂದೆಯವರೇ ನನ್ನ ಜೊತೆಗೆ ಬಂದರು. ತಾಂಬೂಲದ ಮೇಲಿಟ್ಟ ಹಣವನ್ನು ಚಾಚಾರವರು ಮುಟ್ಟಲಿಲ್ಲ. "ಕಲಿಸಿದ್ದು ಅದು, ಸ್ವಾಮಿ" ಎಂದು ಕುದುರೆಯನ್ನು ತೋರಿಸಿದರು. ಆ ಸಂಜೆ ನಾನು ಎರಡು ಸೇರು ಹುರುಳಿಯನ್ನು ನೆನೆಹಾಕಿ ಕೊಂಡೊಯ್ದು ಅದಕ್ಕೆ ತಿನ್ನಿಸಿದೆನು.

ಕೆಲವು ವರ್ಷಗಳಲ್ಲಿ ಆ ಜಟಕಾ ನಿಂತುಹೋಯಿತು. ಬೆಂಗಳೂರಿನಲ್ಲಿ ಈಗ ದೊಡ್ಡ ಸವಾರಿಶಾಲೆಗಳಿವೆ. ಈ ಊರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಪದಕಗಳನ್ನು ಗೆದ್ದರು. ಕಳೆದ ವರ್ಷ ಅಂತಹ ಒಂದು ಶಾಲೆಗೆ ಮೊಮ್ಮಗಳೊಡನೆ ಹೋಗಿದ್ದೆನು. ತಲೆಗೆ ಗಟ್ಟಿ ಟೊಪ್ಪಿಗೆ ತೊಡಿಸಿ, ರಿಕಾಬುಗಳನ್ನು ಜೀನಿನ ಮೇಲೆ ಅಡ್ಡಹಾಕಿ, ಶಿಕ್ಷಕರು ಮಗುವಿಗೆ ಕೈಕಟ್ಟಿ ಕೂರುವಂತೆ ಹೇಳಿದರು. ಅವಳು ಅಳುಮೋರೆಯಿಂದ ನನ್ನ ಕಡೆಗೆ ನೋಡಿದಳು. ನಾನು ಹುರುಳಿಯ ಚೀಲವನ್ನು ಎತ್ತಿ ತೋರಿಸಿದೆನು.