ಡಿಸ್ಕಿನ ನಾಡಿ

ಮನುಷ್ಯನಿಗೆ ಜ್ವರ ಬಂದರೆ ಮೊದಲು ನಾಡಿ ಹಿಡಿದು ನೋಡುವುದು ವಾಡಿಕೆ. ಕಂಪ್ಯೂಟರಿಗೆ ಜ್ವರ ಬಂದರೆ ಮಾತ್ರ ನಾಡಿಯ ಗೊಡವೆಗೇ ಹೋಗದೆ "ಫಾರ್ಮ್ಯಾಟ್ ಮಾಡಿಬಿಡಿ" ಎನ್ನುತ್ತಾರೆ. ಈ ಚಿಕಿತ್ಸೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಮಂಗಳಗಿರಿಯಲ್ಲಿ ನಾವು ಕಂಡುಕೊಂಡ ಬಗೆಯನ್ನು ಓದುಗರ ಮುಂದಿಡುತ್ತೇವೆ.

ಸರಕಾರಿ ಕಚೇರಿಯ ಗುಮಾಸ್ತರಾದ ನಮ್ಮ ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದುಂಟು. ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಅರ್ಹತೆ ನಮ್ಮ ಯಂತ್ರಕ್ಕಿರಲಿಲ್ಲ. ಹೊಸ ಯಂತ್ರ ಕೇಳುವ ಅರ್ಹತೆ ನಮ್ಮ ಸಂಬಳಕ್ಕಿರಲಿಲ್ಲ. ಆದಕಾರಣ ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕುವುದೆಂದು ನಿಶ್ಚಯಿಸಿ ಪೆನ್ ಡ್ರೈವ್ ಸಿಕ್ಕಿಸಿದೆವು.

ನಮ್ಮೂರ ಬೆಟ್ಟದ ಪಾನಕಾಲ ನರಸಿಂಹಸ್ವಾಮಿಯು ಭಕ್ತರು ಎರೆದ ಪಾನಕದಲ್ಲಿ ಅರ್ಧವನ್ನು ಕುಡಿದು, ಉಳಿದರ್ಧವನ್ನು ಪ್ರಸಾದವಾಗಿ ಬಿಡುತ್ತಾನೆಂದು ಪ್ರತೀತಿ. ನಮ್ಮ ಡಿಸ್ಕೂ ಊರಿನ ಸಂಪ್ರದಾಯವನ್ನೇ ಹಿಡಿಯಿತು. ಅರ್ಧ ಕುಡಿದು ನಿಂತಿತು. ತೆರೆಯ ಮೇಲೆ 'ಇನ್‌ಪುಟ್ ಔಟ್‌ಪುಟ್ ಎರರ್' ಎಂದು ಬಂತು. ಜೊತೆಗೆ ಉಪದೇಶ ಬೇರೆ: ಡಿಸ್ಕು ಹಳತಾಗಿದೆಯೇ ನೋಡಿ, ಇಲ್ಲವೇ ಯಂತ್ರವನ್ನು ತಂಪಾದ ಸ್ಥಳಕ್ಕೆ ಒಯ್ಯಿರಿ! ನೆರೆಯ ವಿಜಯವಾಡವನ್ನು ಜನ 'ಬ್ಲೇಜ್‌ವಾಡ' ಎಂದು ಹಾಸ್ಯಮಾಡುವ ಸೀಮೆ ಇದು. ತಂಪಾದ ಸ್ಥಳ ಬೇಕಾದರೆ ಡಿಸ್ಕನ್ನು ಕೊಡಗಿಗೇ ಕಳಿಸಬೇಕು.

ಅಂಗಡಿಯ ಹುಡುಗ ನೋಡಿ, "ಡಿಸ್ಕ್ ಪೋಯಿಂದಿ ಸಾರ್" ಎಂದ. ಪೂರ್ತಿ ಅಳಿಸಿ ನೋಡೋಣ, ಆಗದಿದ್ದರೆ ಹೊಸದು ಎಂಬುದು ಅವನ ತೀರ್ಪು. ನಾವು ಒಪ್ಪಲಿಲ್ಲ. ನಮ್ಮ ಮಗಳ ಶಾಲೆಯಲ್ಲಿರುವುದು ತೆಲುಗು, ಇಂಗ್ಲಿಷು. ಅವಳಿಗೆಂದು ನಮ್ಮ ತಂದೆಯವರು 'ನುಡಿ' ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡಿದ ಕನ್ನಡ ಪಾಠಗಳು ಅದೇ ಡಿಸ್ಕಿನ 'ಡಿ' ಭಾಗದಲ್ಲಿದ್ದವು. ಸ್ವರಗಳಿಂದ ಹೊರಟು ಒತ್ತಕ್ಷರದವರೆಗೆ ಬಂದು ಅವು ನಿಂತಿವೆ. ತಂದೆಯವರು ಈಗಿಲ್ಲ, ಪಾಠಗಳ ಬೇರೆ ಪ್ರತಿಯೂ ಇರಲಿಲ್ಲ. ಅಳಿಸಿದರೆ ಡಿಸ್ಕು ಬದುಕಬಹುದು, ಅದರೊಳಗಿದ್ದದ್ದು ಬದುಕಬೇಡವೇ?

ಲಿನಕ್ಸನ್ನು ಡಿಸ್ಕಿಗೆ ಹಾಕದೆ ಪೆನ್ ಡ್ರೈವಿನಿಂದಲೇ ನಡೆಸಬಹುದು. ಹಾಗೆ ನಡೆಸಿ, ಅದರಲ್ಲಿರುವ 'ಡಿಸ್ಕ್ಸ್' ಎಂಬ ಸಲಕರಣೆಯನ್ನು ತೆರೆದೆವು. ಪ್ರತಿಯೊಂದು ಡಿಸ್ಕೂ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಡುತ್ತದೆ. ಅದಕ್ಕೆ 'ಸ್ಮಾರ್ಟ್' ಎಂದು ಹೆಸರು. ಮುಖ್ಯವಾಗಿ ನೋಡಬೇಕಾದವು ಮೂರು ಬಾಬುಗಳು. 5ನೆಯದು, ಕೆಟ್ಟುಹೋಗಿ ಬದಲಿ ಕೊಟ್ಟ ಜಾಗಗಳ ಲೆಕ್ಕ. 197ನೆಯದು, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಜಾಗಗಳ ಲೆಕ್ಕ. 199ನೆಯದು, ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಕೆಟ್ಟ ಮಾಹಿತಿಯ ಲೆಕ್ಕ. ನಮ್ಮದರಲ್ಲಿ ಮೊದಲಿನೆರಡೂ ಸೊನ್ನೆ. ಮೂರನೆಯದು ಮಾತ್ರ ನೂರಾರು. ಅಂದರೆ ಮನೆ ನೆಟ್ಟಗಿದೆ, ರಸ್ತೆ ಕೆಟ್ಟಿದೆ!

ಯಂತ್ರವನ್ನು ಆರಿಸಿ, ನೂರು ರೂಪಾಯಿಗೆ ಮೀರದ ಹೊಸ ಸಾಟಾ ಕೇಬಲ್ ಹಾಕಿದೆವು. ಮೊದಲು ಪಾಠಗಳನ್ನು ಬೇರೊಂದು ಪೆನ್ ಡ್ರೈವಿಗೆ ನಕಲು ಮಾಡಿಕೊಂಡು, ಆಮೇಲೆ ಲಿನಕ್ಸ್ ಹಾಕಿದೆವು. ನಿರ್ವಿಘ್ನವಾಗಿ ಮುಗಿಯಿತು. 199ರ ಅಂಕಿ ಮಾತ್ರ ಇಳಿಯಲಿಲ್ಲ. ನಮ್ಮ ಸರ್ವಿಸ್ ಪುಸ್ತಕದಂತೆ, ಅಲ್ಲಿ ಒಮ್ಮೆ ಬಿದ್ದ ಷರಾ ಅಳಿಯುವುದಿಲ್ಲ. ಇನ್ನು ಏರದಿದ್ದರೆ ಸರಿ.

5 ಮತ್ತು 197ರ ಅಂಕಿಗಳು ಏರುತ್ತಿದ್ದರೆ ಮಾತು ಬೇರೆ. ಆಗ ಬಂದಷ್ಟನ್ನು ಕೂಡಲೇ ನಕಲು ಮಾಡಿಕೊಂಡು ಡಿಸ್ಕಿಗೆ ವಿಶ್ರಾಂತಿ ಕೊಡುವುದೇ ಮೇಲು. ಸೊನ್ನೆಯಿದ್ದರೂ ಪೂರ್ತಿ ನಂಬುವಂತಿಲ್ಲ. ಯಾವ ಸೂಚನೆಯೂ ಇಲ್ಲದೆ ನಿಲ್ಲುವ ಡಿಸ್ಕುಗಳೂ ಉಂಟು. ಆದ್ದರಿಂದ ಎರರ್ ಕಂಡಾಗ ಮೊದಲು ಒಳಗಿರುವುದನ್ನು ಉಳಿಸಿಕೊಳ್ಳುವ ಯೋಚನೆ, ಆಮೇಲೆ ನಾಡಿ, ಆಮೇಲೆ ಕೇಬಲ್. ಅಳಿಸುವ ಮಾತು ಎಲ್ಲಕ್ಕೂ ಕೊನೆಗೆ.

ಮಗಳು ಈಗ ಒತ್ತಕ್ಷರಗಳನ್ನು ಮುಗಿಸಿದ್ದಾಳೆ. ಮುಂದಿನ ಪಾಠ ಎಲ್ಲಿ ಎಂದು ದಿನವೂ ಕೇಳುತ್ತಾಳೆ. ಅದನ್ನು ನಾವೇ ಬರೆಯಬೇಕು.