ರಾಜಧನದ ಲೆಕ್ಕ

ನಾನು ಜಯನಗರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮೊನ್ನೆ ನಮ್ಮಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ: ‘ತೈಲ, ಅನಿಲ ಹುಡುಕುವವರಿಗೆ ಸರ್ಕಾರ ರಾಜಧನ ತಗ್ಗಿಸಬೇಕೇ?’ ರಾಜಧನವೆಂದರೆ ರಾಯಲ್ಟಿ. ನೆಲದೊಳಗಿನ ಸಂಪತ್ತನ್ನು ತೆಗೆಯುವವರು ಅದಕ್ಕಾಗಿ ಸರ್ಕಾರಕ್ಕೆ ಕೊಡುವ ಹಣ. ತೀರ್ಪುಗಾರನ ಕುರ್ಚಿ ನನ್ನ ಪಾಲಿಗೆ ಬಂತು.

ಒಂಬತ್ತನೆಯ ತರಗತಿಯ ಹುಡುಗಿ ವಿಷಯದ ಪರವಾಗಿ ಮಾತಾಡಿದಳು. “ನಮಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. ಆಳ ಸಮುದ್ರದಲ್ಲಿ ಕೊರೆದ ಬಾವಿ ಬರಿದಾದರೆ ಹಾಕಿದ ದುಡ್ಡೆಲ್ಲ ನೀರುಪಾಲು. ಅದಕ್ಕೇ 2016ರ ನೀತಿಯಲ್ಲಿ ಆಳ ಸಮುದ್ರದ ತೈಲಕ್ಕೆ ಮೊದಲ 7 ವರ್ಷ ರಾಜಧನವೇ ಇಲ್ಲ. ತೈಲವೇ ಸಿಗದಿದ್ದರೆ ರಾಜಧನ ಎಲ್ಲಿಂದ ಬರಬೇಕು?” ಸಭೆ ಚಪ್ಪಾಳೆ ತಟ್ಟಿತು.

ಬನಶಂಕರಿ ಕಡೆಯ ಹುಡುಗನೊಬ್ಬ ವಿರೋಧಿಸಿದ. “ಖಾಲಿ ಬಿದ್ದ ಮನೆಗೆ ಬಾಡಿಗೆ ಇಳಿಸಬಹುದು. ಬಾಡಿಗೆದಾರ ಹೋದ ಮೇಲೂ ಮನೆ ಉಳಿಯುತ್ತದೆ. ತೈಲ ಉಳಿಯುತ್ತದೆಯೇ?”

ಬಹುಮಾನ ಹುಡುಗಿಗೆ ಹೋಯಿತು. ಆಮೇಲೆ ಆ ಹುಡುಗ ಬಂದು, “ಸಾರ್, ನಿಮ್ಮ ಅಭಿಪ್ರಾಯ ಏನು?” ಎಂದ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಜಾರಿಕೊಂಡೆ.

ಮನೆಗೆ ನಡೆದು ಬರುವಾಗ ಸಂಡೂರು ನೆನಪಾಯಿತು. 2005ರಲ್ಲಿ ನಾನು ಆ ಸೀಮೆಯ ಒಂದು ಶಾಲೆಯಲ್ಲಿದ್ದೆ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದಿತ್ತು. ಅದಿರಿನ ಲಾರಿಗಳ ಕೆಂಪು ಧೂಳು ಕರಿಹಲಗೆಯ ಮೇಲೂ ಕೂರುತ್ತಿತ್ತು. ವಿದ್ಯುತ್ ಪಾಠದ ಲೆಕ್ಕಗಳನ್ನು ಬಾಯಲ್ಲೇ ಬಿಡಿಸುತ್ತಿದ್ದ ಹುಡುಗನೊಬ್ಬ ಶಾಲೆ ಬಿಟ್ಟು ಲಾರಿ ಕ್ಲೀನರ್ ಆದ. ದಾರಿಯಲ್ಲಿ ಸಿಕ್ಕಾಗ, “ಸಾಲಿಗೆ ಬಂದ್ರ ಏನ್ ಸಿಗ್ತದ್ರಿ ಸರ?” ಎಂದು ನಕ್ಕ. ನಾನೂ ನಕ್ಕು ಮುಂದೆ ಹೋದೆ. ಅವನ ಮನೆಯ ಬಾಗಿಲು ತಟ್ಟಲಿಲ್ಲ.

ಆಗ ಒಳ್ಳೆಯ ಅದಿರಿಗೂ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ ರಾಜಧನ. ಬೆಲೆ ಸಾವಿರಗಳಿಗೇರಿದರೂ ಲೆಕ್ಕ ತೂಕದ್ದೇ. ಬೆಲೆಯ ಶೇಕಡಾ 10 ಎಂದು ಬದಲಾದದ್ದು 2009ರಲ್ಲಿ. 15 ಆದದ್ದು 2014ರಲ್ಲಿ. ಅಷ್ಟರಲ್ಲಿ ಎಷ್ಟೋ ಬೆಟ್ಟ ಕರಗಿತ್ತು. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು. ಆ ಹುಡುಗ ಏನಾದನೋ.

ಮರುದಿನ ಬನಶಂಕರಿಯ ಹುಡುಗನನ್ನು ನಾನೇ ಕರೆದೆ. “ಇಬ್ಬರೂ ಅರ್ಧ ಸರಿ ಕಣಪ್ಪ. ಕಾಣದ್ದನ್ನು ಕಡಲಿನಡಿ ಹುಡುಕುವವನಿಗೆ ರಿಯಾಯಿತಿ ಕೊಡಬಹುದು, ಅದಕ್ಕೊಂದು ಗಡುವಿರಬೇಕು. ಕಣ್ಣೆದುರಿನ ಬೆಟ್ಟ ಅಗೆಯುವವನಿಗೆ ಯಾವ ರಿಯಾಯಿತಿ? 2015ರಿಂದ ಗಣಿಯ ಊರುಗಳಿಗೆಂದು ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಹಳೆಯ ಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟು ಹಣವನ್ನು ಅದಕ್ಕೆ ಬೇರೆಯಾಗಿ ಕೊಡಬೇಕು. ರಾಜಧನ ಇಳಿದರೆ ಅದೂ ಇಳಿಯುತ್ತದೆ. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲ ಆ ಲೆಕ್ಕದಲ್ಲೇ ಇವೆ.”

“ನಿನ್ನೆಯೇ ಹೇಳಬಹುದಿತ್ತಲ್ಲ ಸಾರ್?” ಎಂದ ಹುಡುಗ.

ಹೇಳಬಹುದಿತ್ತು. ಇಪ್ಪತ್ತು ವರ್ಷದ ಹಿಂದೆ ಇನ್ನೊಬ್ಬನಿಗೂ ಹೇಳಬಹುದಿತ್ತು.