ಕೊಯ್ತಾ ಹಿಡಿದ ಅಂಗೈ

ತಿಮ್ಮಾಪುರದ ಕಬ್ಬಿನ ಪಡ. ಬೆಳಕು ಹರಿದು ಹೆಚ್ಚು ಹೊತ್ತಾಗಿಲ್ಲ. ಸಾಲಿನೊಳಗೆ ಕಾಲಿಟ್ಟರೆ ಎಲೆಯ ಇಬ್ಬನಿಗೆ ನಿಮ್ಮ ತೋಳು ತೋಯುತ್ತದೆ, ಎಲೆಯಂಚು ಮುಂಗೈ ಗೀರುತ್ತದೆ.

‘ಯಣ್ಣಾ, ಹಿಂದ ಸರೀರಿ. ರವದಿ ಕಣ್ಣಿಗಿ ಬಡೀತೈತಿ.’

ಗಂಡ ಕೊಯ್ತಾ ಕತ್ತಿಯಿಂದ ಕಡಿಯುತ್ತಾನೆ, ಹೆಂಡತಿ ಹೊರೆ ಕಟ್ಟುತ್ತಾಳೆ. ಪ್ರತಿ ಏಟಿಗೂ ಅವನು ನೆಲದ ಮಟ್ಟಕ್ಕೆ ಬಾಗಬೇಕು. ಮೊಳಕಾಲೆತ್ತರಕ್ಕೆ ಕಡಿದರೆ ಸೊಂಟಕ್ಕೇನೋ ಸುಖ. ಆದರೆ ಸಕ್ಕರೆ ಹೆಚ್ಚಿರುವುದು ಬುಡದ ಗಣಿಕೆಯಲ್ಲಿ. ಕುಳೆ ಗಟ್ಟಿಯಾಗಿ ಏಳುವುದೂ ಮಣ್ಣೊಳಗಿನ ಕಣ್ಣುಗಳಿಂದಲೇ. ಕಡಿದ ಬುಡ ನೋಡಿ, ರಸ ಜಿನುಗುತ್ತಿದೆ. ಮಾವು, ಬೇವಿನ ಗಾಯದ ಸುತ್ತ ಉಬ್ಬಿಕೊಳ್ಳುವ ದುಂಡನೆಯ ಅಂಚು ಇಲ್ಲಿ ಬೆಳೆಯುವುದಿಲ್ಲ. ಹುಲ್ಲಿನ ಜಾತಿಯ ಕಬ್ಬಿನ ಕಾಂಡದಲ್ಲಿ ಅದಕ್ಕೆ ಬೇಕಾದ ವರ್ಧನ ಪದರವೇ ಇಲ್ಲ.  

ನೀರು ಕುಡಿಯಲು ನಿಂತಾಗ ಅವನ ಬಲ ಅಂಗೈ ಕಾಣುತ್ತದೆ. ಬೆರಳುಗಳ ಬುಡದಲ್ಲಿ ಹಳದಿಗಟ್ಟಿದ ದಪ್ಪ ಜಡ್ಡು. ಹಂಗಾಮಿನ ಮೊದಲ ದಿನಗಳಲ್ಲಿ ಅಲ್ಲಿ ನೀರ್ಗುಳ್ಳೆ ಎದ್ದಿರುತ್ತದೆ: ತಿಕ್ಕಾಟ ಏಕಾಏಕಿ ಹೆಚ್ಚಾದರೆ ಚರ್ಮದ ಪದರಗಳು ಬಿರಿದು ನಡುವೆ ನೀರು ತುಂಬುತ್ತದೆ. ತಿಕ್ಕಾಟ ದಿನವೂ ಮುಂದುವರಿದರೆ ಚರ್ಮ ಬೇರೆ ದಾರಿ ಹಿಡಿಯುತ್ತದೆ. ತಳದ ಜೀವಕೋಶಗಳು ಬೇಗಬೇಗ ವಿಭಜನೆಗೊಂಡು ಮೇಲೇರುತ್ತವೆ, ಕೆರಾಟಿನ್ ತುಂಬಿಕೊಂಡು ಸಾಯುತ್ತವೆ, ಉದುರದೆ ಒಂದರ ಮೇಲೊಂದು ಕೂರುತ್ತವೆ. ಕೆಲಸ ನಿಂತರೆ ಜಡ್ಡು ಮೆಲ್ಲಗೆ ತೆಳುವಾಗುತ್ತದೆ.

ಇಷ್ಟು ದಪ್ಪದ ಕೈಗೆ ಏನು ತಿಳಿದೀತು ಎಂದು ನಮಗನ್ನಿಸುವುದು ಸಹಜ. ಅವನು ಮತ್ತೆ ಎರಡೇಟು ಹಾಕಿ ನಿಲ್ಲುತ್ತಾನೆ.

‘ಹಿಡಿ ಸಡ್ಲ ಆಗೇತಿ.’

ನೀವು ಕೊಯ್ತಾ ಇಸಿದುಕೊಂಡು ಅಲುಗಾಡಿಸಿ ನೋಡಿ. ನಿಮಗೆ ಏನೂ ಗೊತ್ತಾಗುವುದಿಲ್ಲ; ಅವನ ಜಡ್ಡುಗಟ್ಟಿದ ಕೈಗೆ ಗೊತ್ತಾಗಿದೆ. ಕೆನ್ಯಾದ ಜನರ ಪಾದಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಬರಿಗಾಲಲ್ಲಿ ನಡೆದು ದಪ್ಪಗಟ್ಟಿದ ಅಂಗಾಲು ಸ್ಪರ್ಶಜ್ಞಾನ ಕಳೆದುಕೊಂಡಿರಲಿಲ್ಲ. ಗಡುಸಾದ ಜಡ್ಡು ನೆಲದ ಒತ್ತಡವನ್ನು ಒಳಗಿನ ನರಗಳಿಗೆ ಹಾಗೇ ದಾಟಿಸುತ್ತದೆ. ಮೆತ್ತನೆಯ ಬೂಟಿಗೆ ಅದು ಸಾಧ್ಯವಿಲ್ಲ.

ಅವನು ಕಟ್ಟಿಗೆಯ ಚಕ್ಕೆಯೊಂದನ್ನು ಹಿಡಿಯ ಸಂದಿಗೆ ತುರುಕಿ ಕಲ್ಲಿನಿಂದ ಜಡಿಯುತ್ತಾನೆ.

‘ಲಗೂನ ಮಾಡ್ರಿ, ಟ್ರ್ಯಾಕ್ಟರ್ ಬರೂ ಹೊತ್ತಾತು,’ ಆಕೆ ಕೂಗುತ್ತಾಳೆ.